ಡ್ರೈವರ್ ಎಕ್ಸ್‌ಪೈರ್ ಆಗಲ್ಲ

1/10

ಫೋಟೋದಲ್ಲಿರೋ ಚೀಟಿ ನೋಡಿ. ನಮ್ಮ ದಾವಣಗೆರೆಯದೇ. ಒಂದು ಮೆಡಿಕಲ್ ಶಾಪಿಗೆ ಸರ್ವಿಸ್‌ನವರು ಕೊಟ್ಟ ರಸೀದಿ. ಹೆಸರು, ನಂಬರ್ ಎಲ್ಲ ಮಸುಕು ಮಾಡಿದೀನಿ, ಯಾರು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಓದಬೇಕಾದ್ದು ಒಂದೇ ಸಾಲು: ‘ಪ್ರಿಂಟರ್ ಡ್ರೈವರ್ ರಿನೀವಲ್, 1 ವರ್ಷ, ರೂ. 1,800’.

ಅಂಗಡಿ ನಡೆಸೋ ಅಕ್ಕನ್ನ ಕೇಳಿದೆ, ‘ಅಕ್ಕ, ಇದೇನು ರಿನೀವಲ್ಲು?’

‘ಡ್ರೈವರ್ ಎಕ್ಸ್‌ಪೈರ್ ಆಗೇತಂತಪ್ಪ. ಹೋದ ವರ್ಷನೂ ಆಗಿತ್ತು. ಮಾತ್ರೆಗೆ ಇರೋ ಹಂಗೆ ಅದಕ್ಕೂ ಡೇಟ್ ಇರ್ತದೇನೋ ಅನ್ಕಂಡೆ.’

ದಿನಕ್ಕೆ ನೂರು ಸಲ ಎಕ್ಸ್‌ಪೈರಿ ನೋಡಿ ಮಾತ್ರೆ ಕೊಡೋ ಹೆಂಗಸು. ಅವರು ನಂಬಿದ್ದರಲ್ಲಿ ತಪ್ಪೇನೂ ಇಲ್ಲ. ಆ ನಂಬಿಕೆ ನೋಡಿಯೇ ಸುಳ್ಳು ಹೆಣೆದವರು ಇದ್ದಾರಲ್ಲ, ಈ ಸರಣಿ ಅವರ ಬಗ್ಗೆ. ಸ್ವಲ್ಪ ನನ್ನ ಬಗ್ಗೆಯೂ.

ಬಿಲ್ ಪ್ರಿಂಟರ್ ರಿಪೇರಿ, ಇನ್‌ಸ್ಟಲೇಶನ್ ನನ್ನ ಕಸುಬು. ಚೌಕಿಪೇಟೆ, ಮಂಡಿಪೇಟೆ ಕಡೆ ಅಂಗಡಿ ಇಟ್ಕೊಂಡಿರೋರು ಇದನ್ನು ಓದ್ತಿದ್ರೆ ನನ್ನ ಗುರುತೂ ಸಿಗಬಹುದು. ಸಿಗಲಿ. ಹತ್ತು ಪೋಸ್ಟ್ ಇದೆ, ಪುರುಸೊತ್ತಾದಾಗ ಓದಿ. ಅಂಗಡಿ ಇರೋ ನಿಮ್ಮ ಮಾವನಿಗೋ ಚಿಕ್ಕಪ್ಪನಿಗೋ ಕಳಿಸಿ.

2/10

ಮೊದಲು ಡ್ರೈವರ್ ಅಂದ್ರೆ ಏನು ಅಂತ ತಿಳ್ಕೊಳ್ಳಿ. ಇದು ಗೊತ್ತಾದ ದಿನ ಅರ್ಧ ಮೋಸ ನಿಲ್ಲುತ್ತೆ.

ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್‌ಗೆ ‘ಈ ಬಿಲ್ ಪ್ರಿಂಟ್ ಮಾಡು’ ಅನ್ನುತ್ತೆ. ಪ್ರಿಂಟರಿಗೆ ವಿಂಡೋಸ್ ಭಾಷೆ ಬರಲ್ಲ. ನಮ್ಮ ಕೌಂಟರ್‌ಗಳ ಮೇಲಿರೋ ಥರ್ಮಲ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ಅರ್ಥ ಮಾಡಿಕೊಳ್ಳೋದು ಎಪ್ಸನ್ ಕಂಪನಿ ರೂಪಿಸಿದ ಇಎಸ್‌ಸಿ/ಪಿಓಎಸ್ ಅನ್ನೋ ಆಜ್ಞೆಗಳನ್ನ. ಇಷ್ಟು ಚುಕ್ಕಿ ಸುಡು, ಇಷ್ಟು ಕಾಗದ ತಳ್ಳು, ಈಗ ಕತ್ತರಿಸು, ಈಗ ಗಲ್ಲಾಪೆಟ್ಟಿಗೆ ತೆಗಿ. ಈ ಕಡೆ ಮಾತನ್ನ ಆ ಕಡೆಗೆ ದಾಟಿಸೋ ದುಭಾಷಿಯೇ ಡ್ರೈವರ್. ಕೆಲವು ಎಂಬಿಯ ಒಂದು ಫೈಲು, ಅಷ್ಟೇ. ಕಂಪನಿಯವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ.

ದುಭಾಷಿಗೆ ವರ್ಷಕ್ಕೊಮ್ಮೆ ಚಂದಾ ಇಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿಗೆ ಇರಬಹುದು, ಅದು ಬೇರೆ ಮಾತು. ಆಂಟಿವೈರಸ್‌ಗೆ ಇದೆ. ಪ್ರಿಂಟರ್ ಡ್ರೈವರಿಗೆ ಇಲ್ಲ. ‘ರಿನೀವಲ್’ ಅಂತ ಯಾರಾದ್ರೂ ಅಂದ್ರೆ, ‘ಯಾವುದರ ರಿನೀವಲ್ಲು, ಕಂಪನಿ ಇನ್‌ವಾಯ್ಸ್ ತೋರಿಸಪ್ಪ’ ಅನ್ನಿ. ಸಾಕು.

ಹಾಗಾದ್ರೆ ಆ ಅಕ್ಕನ ಅಂಗಡೀಲಿ ಪ್ರಿಂಟ್ ನಿಂತಿದ್ದು ಯಾಕೆ? ಕಸ ಗುಡಿಸೋವಾಗ ಯುಎಸ್‌ಬಿ ಕೇಬಲ್ ಕಿತ್ತು ಬಂದಿದೆ. ಹುಡುಗ ಪಕ್ಕದ ತೂತಿಗೆ ಚುಚ್ಚಿದಾನೆ. ಕಡಿಮೆ ಬೆಲೆಯ ಪ್ರಿಂಟರ್‌ಗಳಲ್ಲಿ ಬಹಳಷ್ಟಕ್ಕೆ ಯುಎಸ್‌ಬಿ ಮೂಲಕ ಗುರುತಿಸೋ ಸ್ವಂತ ಸೀರಿಯಲ್ ನಂಬರ್ ಇರಲ್ಲ. ಹಾಗಾಗಿ ತೂತು ಬದಲಾದ ಕೂಡಲೇ ವಿಂಡೋಸ್ ಇದು ಯಾವುದೋ ಹೊಸ ಪ್ರಿಂಟರ್ ಅಂತ ತಿಳಿದು ‘ಕಾಪಿ 1’ ಅಂತ ಇನ್ನೊಂದು ಹೆಸರು ಹುಟ್ಟಿಸುತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಹಳೇ ಹೆಸರಿಗೇ ಕಳಿಸ್ತಾ ಇರುತ್ತೆ. ಹಳೆಯದು ಯುಎಸ್‌ಬಿ001 ಪೋರ್ಟು, ಹೊಸದು ಯುಎಸ್‌ಬಿ002. ಹಳೆಯದು ‘ಆಫ್‌ಲೈನ್’.

ಕೇಬಲ್ಲನ್ನ ಮೊದಲಿದ್ದ ತೂತಿಗೆ ವಾಪಸ್ ಹಾಕಿದ್ರೆ ಮುಗೀತು. ಇಲ್ಲಾಂದ್ರೆ ಪ್ರಿಂಟರ್ ಪ್ರಾಪರ್ಟೀಸ್‌ಗೆ ಹೋಗಿ, ಪೋರ್ಟ್ಸ್‌ನಲ್ಲಿ ಟಿಕ್ ಬದಲಿಸಬೇಕು. ಒಂದೂವರೆ ನಿಮಿಷದ ಕೆಲಸ.

1,800 ರೂಪಾಯಿ. ಎರಡು ಸಲ.

3/10

ಈಗ ನನ್ನ ವಿಷಯ.

ನಾನು ಕಸುಬಿಗಿಳಿದ ಹೊಸದರಲ್ಲಿ ನನ್ನ ಬಿಲ್ ಪುಸ್ತಕದಲ್ಲೂ ‘ಡ್ರೈವರ್ ಚಾರ್ಜ್ 300’ ಅಂತ ಒಂದು ಸಾಲು ಇರ್ತಿತ್ತು. ನನಗೆ ಕೆಲಸ ಕಲಿಸಿದವರು ಹಾಗೇ ಬರೀತಿದ್ರು, ನಾನೂ ಬರೆದೆ. ಅದು ಏನರ ಚಾರ್ಜು ಅಂತ ಒಬ್ಬರೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಅನುಕೂಲ ಆಯ್ತು. ಬಂದು ಹೋದದ್ದಕ್ಕೆ, ನನ್ನ ಟೈಮಿಗೆ, ಪೆಟ್ರೋಲಿಗೆ ದುಡ್ಡು ಕೇಳೋಕೆ ನಾಚಿಕೆ. ಕಾಣದ ಫೈಲಿನ ಹೆಸರಲ್ಲಿ ಕೇಳೋಕೆ ನಾಚಿಕೆ ಇಲ್ಲ! ಎಷ್ಟು ವರ್ಷ ಹಾಗೆ ಬರೆದೆ ಅಂತ ಲೆಕ್ಕ ಹಾಕೋಕೆ ಹೋಗಿಲ್ಲ. ಬೇಕಂತಲೇ.

ಅದಕ್ಕೇ ಇದನ್ನು ಬರೀತಿರೋದು. ಹೊರಗಿನವರು ಬರೆದಿದ್ರೆ ‘ನಿನಗೇನೋ ಗೊತ್ತು’ ಅಂತ ನಮ್ಮವರು ಮೂಲೆಗೆ ತಳ್ತಿದ್ರು.

4/10

ಈ ಫೋಟೋದಲ್ಲಿರೋ ಪುಟ್ಟ ಸಿಡಿ ಗುರುತು ಸಿಕ್ತಾ? ಅಂಗೈ ಅಗಲ ಇದೆ. ಪ್ರಿಂಟರ್ ಡಬ್ಬದೊಳಗೆ ಅಡಾಪ್ಟರ್ ಕೆಳಗೆ ಬರುತ್ತಲ್ಲ, ಅದೇ. ಈಗಿನ ಲ್ಯಾಪ್‌ಟಾಪ್‌ಗಳಿಗೆ ಸಿಡಿ ಹಾಕೋ ಜಾಗವೇ ಇಲ್ಲ. ಸಿಡಿಯನ್ನ ಸರ್ವಿಸ್‌ನವರು ‘ನನ್ನ ಹತ್ರ ಇರಲಿ ಅಣ್ಣ, ನಿಮ್ಮ ಹತ್ರ ಕಳೆದುಹೋಗುತ್ತೆ’ ಅಂತ ಜೇಬಿಗೆ ಹಾಕ್ಕೊಂಡು ಹೋಗ್ತಾರೆ. ಅದರ ಜೊತೆ ಡಬ್ಬ, ಅದರ ಮೇಲಿನ ಮಾಡೆಲ್ ನಂಬರ್ ಎಲ್ಲ ಹೋಯ್ತು. ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಇಟ್ಟವರೂ ಅವರೇ. ನಿಮಗೆ ಹೇಳಿಲ್ಲ.

ಅಂದ್ರೆ ದುಡ್ಡು ಕೊಟ್ಟು ನೀವು ತಂದ ಕಂಪ್ಯೂಟರಿಗೆ, ದುಡ್ಡು ಕೊಟ್ಟು ನೀವು ತಂದ ಪ್ರಿಂಟರ್ ಜೋಡಿಸೋ ಅಧಿಕಾರ ನಿಮಗಿಲ್ಲ. ಮನೆ ಕಟ್ಟಿಸಿ, ಬೀಗದ ಕೈ ಮೇಸ್ತ್ರಿ ಹತ್ರ ಬಿಟ್ಟ ಹಾಗೆ. ಅವರು ಫೋನ್ ಎತ್ತಲಿಲ್ಲ ಅಂದ್ರೆ ನಿಮ್ಮ ವ್ಯಾಪಾರ ನಿಲ್ಲುತ್ತೆ. ಹಬ್ಬದ ಹಿಂದಿನ ಸಂಜೆ ಸ್ವೀಟ್ ಅಂಗಡಿಯಲ್ಲಿ ಪ್ರಿಂಟರ್ ನಿಂತರೆ ಏನಾಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ಯಜಮಾನರು ಮೈಸೂರ್‌ಪಾಕಿನ ಡಬ್ಬದ ಮುಚ್ಚಳದ ಮೇಲೆ ಪೆನ್ನಲ್ಲಿ ಲೆಕ್ಕ ಬರೀತಿದ್ರು. ಕೌಂಟರ್ ಮುಂದೆ ಮೂವತ್ತು ಜನ. ಸರ್ವಿಸ್‌ನವರ ಮೊಬೈಲ್ ಸ್ವಿಚ್ ಆಫ್.

ಇವತ್ತೇ ಕೇಳಿ ತಗೊಳ್ಳಿ. ಪ್ರಿಂಟರಿನ ಸರಿಯಾದ ಮಾಡೆಲ್ ನಂಬರ್ ಬೇಕು, ಅಡಿಭಾಗದ ಸ್ಟಿಕರಿನ ಫೋಟೋ ತೆಗೆದಿಟ್ಟರೂ ಸರಿ. ಈಗ ಕೆಲಸ ಮಾಡ್ತಿರೋ ಡ್ರೈವರಿನ ಇನ್‌ಸ್ಟಾಲರ್ ಫೈಲು ಒಂದು ಪೆನ್‌ಡ್ರೈವಿನಲ್ಲಿ. ಅಡ್ಮಿನ್ ಪಾಸ್‌ವರ್ಡ್ ಒಂದು ಲಕೋಟೆಯಲ್ಲಿ, ಗಲ್ಲಾಪೆಟ್ಟಿಗೆಯೊಳಗೆ. ಆಮೇಲೆ ಸೆಲ್ಫ್ ಟೆಸ್ಟ್ ಚೀಟಿ. ಬಹುಪಾಲು ಪ್ರಿಂಟರ್‌ಗಳಲ್ಲಿ ಪವರ್ ಆಫ್ ಮಾಡಿ, ಫೀಡ್ ಬಟನ್ ಒತ್ತಿ ಹಿಡಿದು ಆನ್ ಮಾಡಿದ್ರೆ ಅದು ತನ್ನ ಜಾತಕ ತಾನೇ ಬರೆದುಕೊಡುತ್ತೆ. ಈ ಚೀಟಿ ಬಂತು ಅಂದ್ರೆ ಪ್ರಿಂಟರ್ ಗಟ್ಟಿಯಾಗಿದೆ, ತೊಂದರೆ ಇರೋದು ಕೇಬಲ್ಲಲ್ಲೋ ಕಂಪ್ಯೂಟರಲ್ಲೋ ಅಂತ ಅರ್ಥ. ‘ಬೋರ್ಡ್ ಹೋಗಿದೆ, ಹೊಸ ಪ್ರಿಂಟರ್ ತಗೊಳ್ಳಿ’ ಅನ್ನೋರ ಮುಂದೆ ಈ ಚೀಟಿ ಹಿಡೀರಿ. ಥರ್ಮಲ್ ಕಾಗದ ಮಾಸುತ್ತೆ, ಹಾಗಾಗಿ ಫೋಟೋ ತೆಗೆದಿಟ್ಕೊಳ್ಳಿ.

ಕೊಡಲ್ಲ ಅಂದ್ರೆ? ಬಾಕಿ ದುಡ್ಡು ನೀವೂ ಕೊಡಬೇಡಿ. ಇಷ್ಟು ಖಾರವಾಗಿ ಹೇಳಬಾರದು ಅಂತ ಹೆಂಡತಿ ಅಂದ್ಲು. ಇರಲಿ ಬಿಡಿ.

5/10

‘ಸರಿ, ನಾನೇ ಹಾಕ್ಕೋತೀನಿ’ ಅಂತ ಗೂಗಲ್‌ನಲ್ಲಿ ‘80 ಎಂಎಂ ಪ್ರಿಂಟರ್ ಡ್ರೈವರ್’ ಅಂತ ಹೊಡೀತೀರಿ. ಅಲ್ಲಿದೆ ಬಾವಿ.

ಮೇಲೆ ಬರೋದರಲ್ಲಿ ಜಾಹೀರಾತುಗಳೇ ಹೆಚ್ಚು. ದೊಡ್ಡ ಹಸಿರು ‘ಡೌನ್‌ಲೋಡ್’ ಬಟನ್. ಒತ್ತಿದ್ರೆ ಡ್ರೈವರ್ ಬರಲ್ಲ, ‘ಡ್ರೈವರ್ ಅಪ್‌ಡೇಟರ್’ ಅನ್ನೋ ಸಾಮಾನು ಬರುತ್ತೆ. ಅದು ಸ್ಕ್ಯಾನ್ ಮಾಡಿ ‘ನಿಮ್ಮ 27 ಡ್ರೈವರ್‌ಗಳು ಹಳತಾಗಿವೆ, ಅಪಾಯ’ ಅಂತ ಕೆಂಪು ಅಕ್ಷರದಲ್ಲಿ ಹೆದರಿಸಿ ದುಡ್ಡು ಕೇಳುತ್ತೆ. ಜಾತ್ರೇಲಿ ಗಿಣಿಶಾಸ್ತ್ರದವನು ಇದಕ್ಕಿಂತ ವಾಸಿ, ಅವನು ಹತ್ತು ರೂಪಾಯಿಗೆ ಬಿಡ್ತಾನೆ.

ಡ್ರೈವರ್ ಅನ್ನೋದು ಕಂಪ್ಯೂಟರಿನ ಒಳಮನೆಗೆ ಹೋಗೋ ಫೈಲು. ಅಡ್ಮಿನ್ ಅನುಮತಿ ಕೊಟ್ಟು ನೀವೇ ಬಾಗಿಲು ತೆಗೀತೀರಿ. ಅದೇ ಕಂಪ್ಯೂಟರಿನಲ್ಲಿ ನಿಮ್ಮ ಬ್ಯಾಂಕಿನ ಲಾಗಿನ್ ಇದೆ, ಜಿಎಸ್‌ಟಿ ಪೋರ್ಟಲಿನ ಪಾಸ್‌ವರ್ಡ್ ಬ್ರೌಸರಿನಲ್ಲಿ ಸೇವ್ ಆಗಿದೆ. 2025ರ ಮೇ ತಿಂಗಳಲ್ಲಿ ಹೊರದೇಶದ ಒಂದು ಪ್ರಿಂಟರ್ ಕಂಪನಿ ಗ್ರಾಹಕರಿಗೆ ಕೊಡ್ತಿದ್ದ ಸಾಫ್ಟ್‌ವೇರ್ ಫೈಲುಗಳಲ್ಲೇ ಮಾಲ್‌ವೇರ್ ಸೇರಿಕೊಂಡಿದ್ದನ್ನು ಸಂಶೋಧಕರು ಪತ್ತೆಹಚ್ಚಿದರು. ಅದು ಬಿಲ್ ಪ್ರಿಂಟರಿನ ಕಂಪನಿಯಲ್ಲ, ಆದರೆ ಕಂಪನಿಯ ಸ್ವಂತ ಜಾಗದಲ್ಲೇ ಹಾಗಾದ್ರೆ, ಊರು ಹೆಸರಿಲ್ಲದ ವೆಬ್‌ಸೈಟಿನ ಗತಿ ಏನು?

ಇನ್ನೊಂದು ಬಾವಿ, ಇದು ಹೆಚ್ಚು ಆಳ. ಪ್ರಿಂಟರ್ ಕಂಪನಿಯ ‘ಕಸ್ಟಮರ್ ಕೇರ್’ ಅಂತ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡೋದು. ಆ ಕಡೆಯವನು ಬಹಳ ಮರ್ಯಾದೆಯಿಂದ ‘ಸರ್, ಒಂದು ಆ್ಯಪ್ ಹಾಕಿ, ನಾನೇ ಇಲ್ಲಿಂದ ಡ್ರೈವರ್ ಹಾಕ್ತೀನಿ’ ಅಂತಾನೆ. ಸ್ಕ್ರೀನ್ ಅವನ ಕೈಗೆ ಹೋಯ್ತು. ‘ಬರೀ ಐದು ರೂಪಾಯಿ ರಿಜಿಸ್ಟ್ರೇಶನ್ ಕಳಿಸಿ’ ಅಂತಾನೆ. ನಿಮ್ಮ ಪಿನ್ ಅವನ ಕಣ್ಣ ಮುಂದೆ. ಇಂಥ ದೂರ ನಿಯಂತ್ರಣದ ಆ್ಯಪ್ ಬಳಸಿ ಖಾತೆ ಬರಿದು ಮಾಡ್ತಾರೆ ಅಂತ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕುಗಳನ್ನ ಎಚ್ಚರಿಸಿತ್ತು. ಆ ಆ್ಯಪ್‌ಗಳು ಕೆಟ್ಟವಲ್ಲ, ನಾನೂ ಬಳಸ್ತೀನಿ. ಆದರೆ ನೀವು ಮುಖ ನೋಡಿರೋ ಮನುಷ್ಯನಿಗೆ ಮಾತ್ರ ಕೊಡಿ, ನೀವು ಎದುರಿಗೆ ಕೂತಿರೋವಾಗ ಮಾತ್ರ ಕೊಡಿ, ಕೆಲಸ ಮುಗಿದ ಮೇಲೆ ತೆಗೆದುಹಾಕಿ. ದುಡ್ಡು ಹೋಗೇಬಿಟ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

6/10

ಇದು ಸ್ವಲ್ಪ ಉದ್ದ. ನಮ್ಮ ಕಸುಬಿನವರಿಗೆ ಹೆಚ್ಚು ಕೋಪ ಬರೋದೂ ಇದಕ್ಕೇ.

ಹತ್ತು ಅಂಗಡಿಗೆ ಹೋದ್ರೆ ಏಳೆಂಟು ಕಡೆ ವಿಂಡೋಸ್ ಅಪ್‌ಡೇಟನ್ನೇ ಸಾಯಿಸಿ ಇಟ್ಟಿರ್ತಾರೆ. ನಾನು ನೋಡಿದ ಲೆಕ್ಕ ಹೇಳ್ತಿದೀನಿ. ‘ಅಪ್‌ಡೇಟ್ ಆದ್ರೆ ಪ್ರಿಂಟರ್ ಹೋಗುತ್ತೆ ಅಣ್ಣ, ಅದಕ್ಕೆ ಆಫ್ ಮಾಡಿದೀನಿ.’ ಅಂಗಡಿಯವರು ಇದನ್ನ ಉಪಕಾರ ಅಂತ ತಿಳಿದಿರ್ತಾರೆ.

ಈ ಭಯ ಪೂರ್ತಿ ಸುಳ್ಳಲ್ಲ, ಅದನ್ನ ಒಪ್ಪಿಕೊಂಡೇ ಮುಂದೆ ಹೋಗ್ತೀನಿ. 2021ರ ಮಾರ್ಚ್‌ನಲ್ಲಿ ಬಂದ ಅಪ್‌ಡೇಟಿನಿಂದ ಕೆಲವು ಪ್ರಿಂಟರ್‌ಗಳಿಗೆ ಪ್ರಿಂಟ್ ಕೊಟ್ಟ ಕೂಡಲೇ ಕಂಪ್ಯೂಟರ್ ನೀಲಿ ಪರದೆ ತೋರಿಸಿ ಮಲಗ್ತಿತ್ತು. 2025ರ ಆರಂಭದಲ್ಲಿ ಬಂದ ಇನ್ನೊಂದರಿಂದ ಕೆಲವು ಬಗೆಯ ಯುಎಸ್‌ಬಿ ಪ್ರಿಂಟರ್‌ಗಳು ತಲೆಬುಡವಿಲ್ಲದ ಅಕ್ಷರ ಉಗುಳಿದವು. ಎರಡನ್ನೂ ಮೈಕ್ರೋಸಾಫ್ಟೇ ಒಪ್ಪಿಕೊಂಡು ಸರಿ ಮಾಡಿತು.

ಆದರೆ ನಾಣ್ಯದ ಇನ್ನೊಂದು ಮುಖ ನೋಡಿ. 2021ರ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಅನ್ನೋ ದೋಷ ಹೊರಬಿತ್ತು. ವಿಂಡೋಸ್‌ನಲ್ಲಿ ಪ್ರಿಂಟ್ ಕೆಲಸಗಳನ್ನ ಸಾಲಾಗಿ ನಿಲ್ಲಿಸೋ ಸ್ಪೂಲರ್ ಅನ್ನೋ ಭಾಗ ಇದೆಯಲ್ಲ, ಅದರ ಮೂಲಕವೇ ಹೊರಗಿನವರು ಕಂಪ್ಯೂಟರನ್ನ ಪೂರ್ತಿ ವಶ ಮಾಡಿಕೊಳ್ಳಬಹುದಿತ್ತು. ನಕಲಿ ಡ್ರೈವರ್ ಹಾಕಿಸೋದೇ ಅದರ ಉಪಾಯ. ಮೈಕ್ರೋಸಾಫ್ಟ್ ತುರ್ತಾಗಿ ಪ್ಯಾಚ್ ಕೊಟ್ಟಿತು. ಆಗಸ್ಟ್‌ನಿಂದ ನೆಟ್‌ವರ್ಕ್ ಮೂಲಕ ಪ್ರಿಂಟರ್ ಡ್ರೈವರ್ ಹಾಕೋಕೆ ಅಡ್ಮಿನ್ ಅನುಮತಿ ಕಡ್ಡಾಯ ಆಯ್ತು.

ಆಮೇಲೆ ಸೆಪ್ಟೆಂಬರ್‌ನ ಅಪ್‌ಡೇಟ್. ಒಂದು ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಿ, ಇನ್ನೊಂದರಿಂದ ಶೇರಿಂಗ್‌ನಲ್ಲಿ ಬಳಸ್ತಿದ್ದ ಅಂಗಡಿಗಳಲ್ಲಿ ‘11ಬಿ’ ಅಂತ ಕೊನೆಯಾಗೋ ಎರರ್ ಬರೋಕೆ ಶುರುವಾಯ್ತು. ಆ ತಿಂಗಳು ನನ್ನ ಫೋನ್ ಬಿಸಿಯಾಗಿಯೇ ಇತ್ತು. ನಮ್ಮವರು ಏನು ಮಾಡಿದ್ರು? ಅಪ್‌ಡೇಟ್ ಕಿತ್ತುಹಾಕಿದ್ರು. ಅಥವಾ ರಿಜಿಸ್ಟ್ರಿಗೆ ಹೋಗಿ ರಕ್ಷಣೆಯ ಒಂದು ಸೆಟ್ಟಿಂಗನ್ನ ಸೊನ್ನೆ ಮಾಡಿದ್ರು. ಪ್ರಿಂಟ್ ಬಂತು, 500 ತಗೊಂಡ್ರು, ಬಂದ್ರು. ಆ ಸೊನ್ನೆ ಎಷ್ಟೋ ಅಂಗಡಿಗಳಲ್ಲಿ ಇವತ್ತಿಗೂ ಸೊನ್ನೆಯಾಗಿಯೇ ಇದೆ. ಅವತ್ತಿನ ಸಂಜೆಗೆ ಅದು ತೇಪೆ, ಸರಿ. ಒಂದು ವಾರ ಬಿಟ್ಟು ಹೋಗಿ ಎರಡೂ ಕಂಪ್ಯೂಟರ್ ಅಪ್‌ಡೇಟ್ ಮಾಡಿ, ಎರಡರಲ್ಲೂ ಡ್ರೈವರ್ ಸರಿಯಾಗಿ ಹಾಕಿ, ಆ ಸೊನ್ನೆ ತೆಗೀಬೇಕಿತ್ತು. ಯಾರು ಹೋದ್ರು? ನಾನೂ ಎಲ್ಲ ಕಡೆ ಹೋಗಿಲ್ಲ.

ಹಾಗಾಗಿ ನನ್ನ ವಾದ ಇಷ್ಟು. ವಿಂಡೋಸ್ ಅಪ್‌ಡೇಟ್ ಬೇರೆ, ಪ್ರಿಂಟರ್ ಡ್ರೈವರ್ ಅಪ್‌ಡೇಟ್ ಬೇರೆ. ವಿಂಡೋಸ್ ಭದ್ರತಾ ಅಪ್‌ಡೇಟ್ ಆನ್ ಇರಲೇಬೇಕು. ಹಬ್ಬ, ಸೀಸನ್ ಹತ್ತಿರ ಬಂದಾಗ ‘ಪಾಸ್ ಅಪ್‌ಡೇಟ್ಸ್’ ಅಂತ ಕೆಲವು ವಾರ ತಡೆದಿಡೋ ಸೌಲಭ್ಯ ವಿಂಡೋಸ್‌ನಲ್ಲೇ ಇದೆ, ಅದನ್ನ ಬಳಸಿ. ದೀಪಾವಳಿ ಮುಗಿದ ಮೇಲೆ ಬಿಡಿ. ಪ್ರಿಂಟರ್ ಡ್ರೈವರ್ ಮಾತ್ರ, ಚೆನ್ನಾಗಿ ಓಡ್ತಿದ್ರೆ ಮುಟ್ಟಬೇಡಿ. ವಿಂಡೋಸ್ ಬದಲಾದಾಗ, ಕಂಪನಿಯವರು ಭದ್ರತಾ ದೋಷ ಅಂತ ಹೇಳಿದಾಗ, ನಿಜವಾಗಿ ಏನೋ ಕೆಟ್ಟಾಗ ಬದಲಿಸಿ. ಅದೂ ಹಳೇ ಇನ್‌ಸ್ಟಾಲರ್ ಕೈಯಲ್ಲಿಟ್ಕೊಂಡು, ಅಂಗಡಿ ರಜೆ ಇರೋ ದಿನ. ಪ್ರಿಂಟರಿನ ಫರ್ಮ್‌ವೇರ್ ಅಂತೂ ಸುಮ್ಮಸುಮ್ಮನೆ ಮುಟ್ಟಲೇಬೇಡಿ. ನಡುವೆ ಕರೆಂಟ್ ಹೋದ್ರೆ ಪ್ರಿಂಟರ್ ಕಲ್ಲಾಗಿ ಕೂರಬಹುದು, ನಮ್ಮೂರಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಬೆಸ್ಕಾಂನವರಿಗೂ ಗೊತ್ತಿರಲ್ಲ.

7/10

ಯಾಕೆ ಈಗಲೇ ಇದೆಲ್ಲ ಅಂದ್ರೆ, ಮುಂದೆ ಬರ್ತಿರೋದು ಇದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಇದಕ್ಕೆ ಮಾತ್ರ ನಿಜವಾಗಿಯೂ ಎಕ್ಸ್‌ಪೈರಿ ಡೇಟ್ ಇತ್ತು ನೋಡಿ! ವಿಂಡೋಸ್ 11 ಬರೋದು 64 ಬಿಟ್‌ನಲ್ಲಿ ಮಾತ್ರ. ನಿಮ್ಮ ಸಿಡಿಯಲ್ಲಿರೋದು 32 ಬಿಟ್‌ನ ಹಳೇ ಡ್ರೈವರ್ ಮಾತ್ರ ಆಗಿದ್ರೆ ಹೊಸ ಕಂಪ್ಯೂಟರಿನಲ್ಲಿ ಅದು ಹತ್ತಲ್ಲ. ಕಂಪ್ಯೂಟರ್ ಬದಲಿಸೋ ಮೊದಲೇ ನಿಮ್ಮ ಮಾಡೆಲ್ಲಿಗೆ ವಿಂಡೋಸ್ 11ರ ಡ್ರೈವರ್ ಇದೆಯಾ ಅಂತ ಕಂಪನಿ ವೆಬ್‌ಸೈಟಿನಲ್ಲಿ ನೋಡಿ. ತೂಕದ ಯಂತ್ರವನ್ನ ಸೀರಿಯಲ್ ಕೇಬಲ್‌ನಲ್ಲಿ ಜೋಡಿಸಿರೋ ದಿನಸಿ ಅಂಗಡಿಯವರು ಅದರ ಯುಎಸ್‌ಬಿ ಕನ್ವರ್ಟರ್‌ನದ್ದೂ ನೋಡ್ಕೊಳ್ಳಿ. ಹಳೇ ಚಿಪ್‌ಗಳಲ್ಲಿ ಕೆಲವನ್ನ ಹೊಸ ಡ್ರೈವರ್‌ಗಳು ಹತ್ತಿರವೇ ಸೇರಿಸಲ್ಲ.

ಇನ್ನೊಂದು ವಿಷಯ. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನ ವಿಂಡೋಸ್ ಅಪ್‌ಡೇಟ್ ಮೂಲಕ ಹಂಚೋದನ್ನ ಹಂತ ಹಂತವಾಗಿ ನಿಲ್ಲಿಸ್ತೀವಿ ಅಂತ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಆ ಯೋಜನೆ ಪ್ರಕಾರ 2026ರ ಜುಲೈ 1ರಿಂದ ವಿಂಡೋಸ್ ತನ್ನದೇ ಐಪಿಪಿ ಡ್ರೈವರಿಗೆ ಮೊದಲ ಮಣೆ ಹಾಕುತ್ತೆ, 2027ರ ಜುಲೈ 1ರಿಂದ ಭದ್ರತಾ ತಿದ್ದುಪಡಿ ಬಿಟ್ಟು ಬೇರೆ ಡ್ರೈವರ್ ಅಪ್‌ಡೇಟ್ ಆ ದಾರಿಯಲ್ಲಿ ಬರಲ್ಲ. ಕಂಪನಿಯ ಇನ್‌ಸ್ಟಾಲರ್ ತಂದು ನೀವು ಹಾಕ್ಕೊಳ್ಳೋದಕ್ಕೆ ಅಡ್ಡಿ ಇಲ್ಲ.

ಇದನ್ನ ಹಿಡ್ಕೊಂಡು ‘ಇನ್ಮೇಲೆ ಹಳೇ ಪ್ರಿಂಟರ್ ನಡೆಯಲ್ಲ, ಗೌರ್ಮೆಂಟ್ ರೂಲ್ಸ್ ಬಂದಿದೆ’ ಅಂತ ಹೇಳಿಕೊಂಡು ಬರೋರು ಬಂದೇ ಬರ್ತಾರೆ. ಸುಳ್ಳು. ನಿಮ್ಮ ಪೆನ್‌ಡ್ರೈವಿನಲ್ಲಿ ಇನ್‌ಸ್ಟಾಲರ್ ಇದ್ರೆ ನಿಮ್ಮ ಪ್ರಿಂಟರ್ ನಡೆಯುತ್ತೆ. ಹೊಸ ವಿಂಡೋಸ್ 11ರಲ್ಲಿ ‘ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್’ ಅಂತ ಒಂದಿದೆ, ಅದನ್ನ ಗೊತ್ತಿಲ್ಲದೆ ಆನ್ ಮಾಡಿದ್ರೆ ಮಾತ್ರ ಕಂಪನಿ ಡ್ರೈವರ್ ನಂಬಿಕೊಂಡ ಪ್ರಿಂಟರ್‌ಗಳು ಮಾಯ ಆಗ್ತವೆ. ಆಫ್ ಇದೆಯಾ ನೋಡ್ಕೊಳ್ಳಿ.

8/10

ಹೋಟೆಲಿನವರಿಗೆ ಚಿಕ್ಕದಾಗಿ.

ಅಡುಗೆಮನೆಯ ಕೆಓಟಿ ಪ್ರಿಂಟರ್ ‘ಆಗಾಗ ಡ್ರೈವರ್ ಕರಪ್ಟ್ ಆಗುತ್ತೆ’ ಅಂತೀರಲ್ಲ. ಬೆಣ್ಣೆದೋಸೆ ಹೋಟೆಲಿನವರೊಬ್ಬರು ಇದಕ್ಕೇ ತಿಂಗಳಿಗೊಮ್ಮೆ ಯಾರನ್ನೋ ಕರೆಸ್ತಿದ್ರು. ಡ್ರೈವರಿಗೆ ಏನೂ ಆಗಿರಲಿಲ್ಲ. ಕರೆಂಟ್ ಹೋಗಿ ರೂಟರ್ ಮತ್ತೆ ಆನ್ ಆದಾಗ ಪ್ರಿಂಟರಿಗೆ ಬೇರೆ ಐಪಿ ವಿಳಾಸ ಸಿಗ್ತಿತ್ತು. ಕಂಪ್ಯೂಟರ್ ಹಳೇ ವಿಳಾಸಕ್ಕೆ ಕಾಗದ ಹಾಕ್ತಾ ಕೂತಿರ್ತಿತ್ತು. ಮನೆ ಬದಲಿಸಿದವರಿಗೆ ಹಳೇ ಮನೆ ಬಾಗಿಲಲ್ಲಿ ನಿಂತು ಕೂಗಿದ ಹಾಗೆ. ಪ್ರಿಂಟರಿಗೆ ಒಂದು ಖಾಯಂ ಐಪಿ ಕೊಟ್ಟು ಬಂದೆ. ಆಮೇಲೆ ಅವರು ನನ್ನನ್ನ ಕರೆದಿಲ್ಲ. (ದೋಸೆ ತಿನ್ನೋಕೆ ನಾನೇ ಹೋಗ್ತೀನಿ.) ಇಂಟರ್‌ನೆಟ್ ಕಂಪನಿ ಬದಲಿಸಿ ಹೊಸ ರೂಟರ್ ಬಂದಾಗ ಇದನ್ನ ಮತ್ತೆ ನೋಡಬೇಕು, 192.168.1ರ ಸಾಲಿನಲ್ಲಿದ್ದದ್ದು 192.168.0ಕ್ಕೆ ಹೋಗಿರುತ್ತೆ.

ಬಿಲ್ ಮೂರು ಸಾಲು, ಕಾಗದ ಮೊಳ ಉದ್ದ ಬರ್ತಿದೆಯಾ? ಡ್ರೈವರಿನಲ್ಲಿ ಕಾಗದದ ಉದ್ದ 297 ಮಿಲಿಮೀಟರ್ ಅಂತ ಕೂತಿರುತ್ತೆ, ಅಂದ್ರೆ ಎ4 ಹಾಳೆಯ ಉದ್ದ. ಬಿಲ್ ಎಷ್ಟಿದೆಯೋ ಅಷ್ಟಕ್ಕೇ ಕತ್ತರಿಸೋ ಅಳತೆ ಆರಿಸಿ. ರೋಲಿನ ಖರ್ಚು ನೋಡಿ ಆಮೇಲೆ ಹೇಳಿ.

9/10

ಇದು ನನಗೆ ಎಲ್ಲಕ್ಕಿಂತ ಹತ್ತಿರದ ಜಗಳ.

ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆಯ್ತು. ಬೋರ್ಡುಗಳು ಬದಲಾದವು, ಸಂತೋಷ. ಬೋರ್ಡಿನ ಕೆಳಗೆ ನಿಂತು ಸಾಮಾನು ತಗೊಂಡು ಬಿಲ್ ನೋಡಿ. ತೊಗರಿಬೇಳೆ ಅನ್ನೋದು ‘ಟಿಆರ್ ಡಿಎಲ್’ ಆಗಿರುತ್ತೆ. ಕಡಲೆಹಿಟ್ಟು ಏನಾಗಿರುತ್ತೋ ಬರೆದವರಿಗೇ ಗೊತ್ತು. ನಮ್ಮಮ್ಮ ಕನ್ನಡ ಪೇಪರ್ ಒಂದಕ್ಷರ ಬಿಡದೆ ಓದ್ತಾರೆ. ಬಿಲ್ ಮಾತ್ರ ನನ್ನ ಕೈಗೆ ಕೊಟ್ಟು ‘ಸರಿ ಐತೇನೋ ನೋಡು’ ಅಂತಾರೆ. ತನ್ನ ದುಡ್ಡಿನ ಲೆಕ್ಕ ತಾನೇ ಓದೋಕಾಗಲ್ಲ.

ಅಂಗಡಿಯವರನ್ನ ಕೇಳಿದ್ರೆ ‘ಪ್ರಿಂಟರಿಗೆ ಕನ್ನಡ ಬರಲ್ವಂತೆ’ ಅಂತಾರೆ. ಯಾರು ಹೇಳಿದ್ದು? ನಾವು. ಸರ್ವಿಸ್‌ನವರು, ಡೀಲರ್‌ಗಳು, ಸಾಫ್ಟ್‌ವೇರ್ ಮಾರೋರು.

ನಿಜ ಏನು ಅಂತ ಹೇಳ್ತೀನಿ. ಪ್ರಿಂಟರಿನ ಒಳಗೆ ಅಚ್ಚಿನ ಮೊಳೆಗಳ ಥರ ಕೆಲವು ಅಕ್ಷರ ತುಂಬಿರ್ತಾರೆ. ಅದರಲ್ಲಿ ಸಾಮಾನ್ಯವಾಗಿ ಕನ್ನಡ ಇರಲ್ಲ. ಇದ್ರೂ ನಮ್ಮ ಒತ್ತಕ್ಷರ, ಕೊಂಬು, ದೀರ್ಘಗಳನ್ನ ಕೂಡಿಸೋ ಬುದ್ಧಿ ಅದಕ್ಕಿಲ್ಲ. ಆದರೆ ಅದೇ ಪ್ರಿಂಟರ್ ನಿಮ್ಮ ಅಂಗಡಿಯ ಲೋಗೋ ಹೊಡೆಯಲ್ವಾ? ಯುಪಿಐನ ಕ್ಯೂಆರ್ ಚಿತ್ರ ಹೊಡೆಯಲ್ವಾ? ಚಿತ್ರ ಹೊಡೆಯೋಕೆ ಬಂದ್ರೆ ಕನ್ನಡವೂ ಬಂತು. ವಿಂಡೋಸ್‌ನಲ್ಲಿ ತುಂಗಾ, ನಿರ್ಮಲಾ ಅನ್ನೋ ಫಾಂಟ್‌ಗಳಿವೆ. ಅಕ್ಷರ ಕೂಡಿಸೋ ಕೆಲಸ ವಿಂಡೋಸ್ ಮಾಡುತ್ತೆ, ಡ್ರೈವರ್ ಅದನ್ನ ಚುಕ್ಕಿಗಳ ಚಿತ್ರ ಮಾಡಿ ಕಳಿಸುತ್ತೆ. ಸಾಮಾನ್ಯ 80 ಮಿ.ಮೀ. ಪ್ರಿಂಟರಿನಲ್ಲಿ ಒಂದು ಸಾಲಿಗೆ 576 ಚುಕ್ಕಿ, 58 ಮಿ.ಮೀ.ಯಲ್ಲಿ 384. ‘ಉದ್ದಿನಬೇಳೆ 1 ಕೆ.ಜಿ.’ ಅಂತ ಬರೆಯೋಕೆ ಧಾರಾಳ ಸಾಕು.

ಹಾಗಾದ್ರೆ ಎಲ್ಲಿ ಕೆಡುತ್ತೆ? ಇನ್‌ಸ್ಟಲೇಶನ್‌ನಲ್ಲಿ. ಸರಿಯಾದ ಡ್ರೈವರ್ ಹುಡುಕೋ ತಾಳ್ಮೆ ಇಲ್ಲದೆ ವಿಂಡೋಸ್‌ನಲ್ಲೇ ಇರೋ ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಅನ್ನೋ ಡ್ರೈವರ್ ಹಾಕಿ ಎದ್ದು ಹೋಗ್ತಾರೆ. ಇಂಗ್ಲಿಷ್ ಬರುತ್ತೆ, ಎರಡು ನಿಮಿಷದಲ್ಲಿ ಕೆಲಸ ಮುಗೀತು. ಕನ್ನಡ ಕೊಟ್ರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಆ ಪ್ರಶ್ನೆಗಳನ್ನ ನೋಡಿ ಅಂಗಡಿಯವರು ಕನ್ನಡದ ಆಸೆ ಬಿಡ್ತಾರೆ. ಡ್ರೈವರ್ ತಪ್ಪು ಅಂತ ಒಬ್ಬರೂ ಹೇಳಲ್ಲ.

ಕಷ್ಟ ಇಲ್ಲವೇ ಇಲ್ಲ ಅನ್ನಲ್ಲ. ಚಿತ್ರವಾಗಿ ಹೊಡೆದಾಗ ಹಳೇ ಪ್ರಿಂಟರ್ ಸ್ವಲ್ಪ ನಿಧಾನ. ಒತ್ತಕ್ಷರಕ್ಕೆ ಸಾಲಿನ ಎತ್ತರ ಹೆಚ್ಚು ಬೇಕು, ಬಿಲ್ ಎರಡು ಬೆರಳು ಉದ್ದ ಆಗಬಹುದು. ಬಿಲ್ಲಿಂಗ್ ಸಾಫ್ಟ್‌ವೇರ್ ಯೂನಿಕೋಡ್ ಒಪ್ಪಬೇಕು, ಡ್ರೈವರ್ ಮೂಲಕ ಕಳಿಸಬೇಕು. ಕೆಲವು ಸಾಫ್ಟ್‌ವೇರ್‌ಗಳು ಡ್ರೈವರನ್ನ ದಾಟಿ ನೇರ ಅಕ್ಷರ ಕಳಿಸ್ತವೆ, ಅಲ್ಲಿ ಆಗಲ್ಲ. ಹಳೇ ಆಸ್ಕಿ ಫಾಂಟಿನಲ್ಲಿ ಸಾಮಾನಿನ ಪಟ್ಟಿ ಟೈಪ್ ಮಾಡಿಸಿದ್ರೆ ಅದನ್ನ ಯೂನಿಕೋಡಿಗೆ ಬದಲಿಸಬೇಕು. ಐನೂರು ಸಾಮಾನಿನ ಹೆಸರು ಕನ್ನಡದಲ್ಲಿ ಹಾಕೋಕೆ ಒಬ್ಬ ಹುಡುಗನಿಗೆ ಎರಡು ಮೂರು ದಿನದ ಕೆಲಸ. ಒಂದು ಸಲ ಮಾಡಿದ್ರೆ ಆಯ್ತು.

ಸಾಫ್ಟ್‌ವೇರ್ ತಗೊಳ್ಳೋ ಮೊದಲು ‘ಕನ್ನಡದಲ್ಲಿ ಒಂದು ಬಿಲ್ ಹೊಡೆದು ತೋರಿಸಿ, ಆಮೇಲೆ ಚೆಕ್’ ಅನ್ನಿ. ಅದರಲ್ಲಿ ‘ಕ್ವಿಂಟಲ್’, ‘ಉಪ್ಪಿಟ್ಟು ರವೆ’, ‘ಅಕ್ಕಿಹಿಟ್ಟು’ ಇರಲಿ. ಒತ್ತು ಸರಿ ಕೂತರೆ ಉಳಿದದ್ದೂ ಕೂರುತ್ತೆ.

10/10

ಮೊದಲ ನಾಲ್ಕು ಪೋಸ್ಟ್ ಹಾಕಿದಾಗಲೇ ಫೋನ್ ಬಂದವು. ‘ನಮ್ಮ ಹೊಟ್ಟೆ ಮೇಲೆ ಹೊಡೀತೀಯಾ?’ ಅಂತ. ಒಬ್ಬರು ನನಗಿಂತ ಹಿರಿಯರು, ಅವರಿಗೆ ಎದುರು ಮಾತಾಡಲಿಲ್ಲ. ಇಲ್ಲಿ ಹೇಳ್ತೀನಿ.

ಅಣ್ಣ, ನಮ್ಮ ಕಸುಬಿನಲ್ಲಿ ನಿಜವಾದ ಕೆಲಸ ಬೇಕಾದಷ್ಟಿದೆ. ಹೆಡ್ ಕ್ಲೀನ್ ಮಾಡಬೇಕು, ಕಟರ್ ಸಿಕ್ಕಿಹಾಕಿಕೊಂಡಿರುತ್ತೆ, ರೋಲರ್ ಸವೆದಿರುತ್ತೆ, ಅಡಾಪ್ಟರ್ ಹೋಗಿರುತ್ತೆ, ಐಪಿ ಕಟ್ಟಬೇಕು, ಕನ್ನಡ ಕೂರಿಸಬೇಕು. ಇದಕ್ಕೆಲ್ಲ ವಿಸಿಟ್ ಚಾರ್ಜ್ ಅಂತ ಧೈರ್ಯವಾಗಿ ಕೇಳೋಣ. ಪುಕ್ಕಟೆ ಫೈಲಿಗೆ ಬೆಲೆ ಕಟ್ಟೋದು ಬೇಡ.

ಅಂಗಡಿಯವರೇ, ನಿಮಗೂ ಇದೆ. ರಾತ್ರಿ ಒಂಬತ್ತೂವರೆಗೆ ಕರೆಸಿ, ಒಂದು ಗಂಟೆ ಕೆಲಸ ಮಾಡಿಸಿ, ‘ಏನ್ ಮಾಡ್ದೆ, ಎರಡು ಬಟನ್ ಒತ್ತಿದ್ದಕ್ಕೆ 300ಆ?’ ಅಂತೀರಿ. ಕದ್ದ ವಿಂಡೋಸ್ ಹಾಕಿಸ್ತೀರಿ. ಬಿಲ್ ಇಲ್ಲದ ಪ್ರಿಂಟರ್ ತಂದು ವಾರಂಟಿ ಕೇಳ್ತೀರಿ. ಬಂದವರ ಟೈಮಿಗೆ ನೀವು ಬೆಲೆ ಕೊಡದೇ ಇದ್ದಾಗಲೇ ಈ ‘ಡ್ರೈವರ್ ಚಾರ್ಜ್’ ಅನ್ನೋದು ಹುಟ್ಟಿದ್ದು. ನಾನು ಅದನ್ನ ಬರೆದದ್ದೂ ಹಾಗೇ.

ಮೆಡಿಕಲ್ ಶಾಪಿನ ಅಕ್ಕನಿಗೆ ಇನ್‌ಸ್ಟಾಲರ್ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ ಅವರ ಕೈಯಲ್ಲೇ ಬರೆಸಿದೆ. ಕೇಬಲ್ ಇರೋ ತೂತಿಗೆ ಕೆಂಪು ಇನ್ಸುಲೇಶನ್ ಟೇಪ್ ಅಂಟಿಸಿದೆ, ಕೊನೆಯ ಫೋಟೋ ಅದೇ. 250 ತಗೊಂಡೆ, ‘ಬಂದು ಹೋದದ್ದಕ್ಕೆ’ ಅಂತಲೇ ಚೀಟಿ ಬರೆದೆ. ಹೋದ ವಾರ ಕೇಬಲ್ ಮತ್ತೆ ಕಿತ್ತುಬಂದಿತ್ತಂತೆ. ಫೋನ್ ಮಾಡಿ, ‘ಕೆಂಪು ಟೇಪಿಗೆ ಹಾಕಿದೆ, ಬಂತು. ಸುಮ್ನೆ ಹೇಳೋಣ ಅಂತ ಮಾಡ್ದೆ’ ಅಂದ್ರು.

ನಿಮ್ಮ ಅಂಗಡಿಯ ಸೆಲ್ಫ್ ಟೆಸ್ಟ್ ಚೀಟಿ ಫೋಟೋ ತೆಗೆದು, ಸೀರಿಯಲ್ ನಂಬರ್ ಬೆರಳಲ್ಲಿ ಮುಚ್ಚಿ, ಮೆಸೇಜ್ ಮಾಡಿ. ಯಾವ ಡ್ರೈವರ್, ಎಲ್ಲಿ ಸಿಗುತ್ತೆ ಅಂತ ಹೇಳ್ತೀನಿ. ಭಾನುವಾರ ಮಾತ್ರ ನೋಡ್ತೀನಿ, ತಡ ಆದ್ರೆ ಬೈಯಬೇಡಿ.

#ಬಿಲ್_ಪ್ರಿಂಟರ್ #ಕನ್ನಡದಲ್ಲಿ_ಬಿಲ್ #ದಾವಣಗೆರೆ